ಬೇಲಿಯ ಮೇಲೆ ಬಿಟ್ಟ ಬಟ್ಟೆ

ಜನವರಿಯ ಕೊನೆಗೆ ನಮ್ಮ ಬೀದಿಯಲ್ಲಿ ಬೆಳಗು ಸರಿಯಾಗಿ ಆಗುವುದೇ ಇಲ್ಲ. ಎಂಟರ ಹೊತ್ತಿಗೆ ಕತ್ತಲು ಸ್ವಲ್ಪ ತೆಳ್ಳಗಾಗುತ್ತದೆ, ಮಧ್ಯಾಹ್ನ ಮಂಜಿನ ಒಳಗಿನಿಂದಲೇ ಒಂದಿಷ್ಟು ಬಿಳುಪು ಬಂದು ಹೋಗುತ್ತದೆ, ಐದಕ್ಕೆ ಮತ್ತೆ ದೀಪ ಹಾಕಬೇಕು. ಆ ದಿನಗಳಲ್ಲಿ ಅಡುಗೆಮನೆಯ ಕಿಟಕಿಯ ಹತ್ತಿರ ಕಾಫಿ ಹಿಡಿದು ನಿಂತರೆ ನಮ್ಮ ಹಿತ್ತಲು, ಅದರ ಅಂಚಿನ ಗಿಡದ ಬೇಲಿ, ಬೇಲಿಯಾಚೆ ಪಕ್ಕದವರ ಹಿತ್ತಲು ಎಲ್ಲವೂ ಒಂದೇ ನೀರಿನಲ್ಲಿ ಮುಳುಗಿದ ಹಾಗೆ ಕಾಣುತ್ತವೆ. ಎಲ್ಲಿ ನಮ್ಮದು ಮುಗಿಯಿತು, ಎಲ್ಲಿ ಅವರದು ಶುರುವಾಯಿತು ಎಂದು ಹೇಳಲಾಗುವುದಿಲ್ಲ. ನಾನು ಇಲ್ಲಿ, ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ, ಕಾರಿನ ಬ್ರೇಕಿನ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವವಳು. ಹಗಲೆಲ್ಲ ಹೌದು ಅಥವಾ ಅಲ್ಲ, ಎರಡೇ ಉತ್ತರ. ಅದಕ್ಕೇ ಇರಬೇಕು, ಈ ಮಬ್ಬು ನನಗೆ ಇಷ್ಟ. ಇಲ್ಲಿಯ ಚಳಿಗಾಲವನ್ನು ಬಾಯ್ತುಂಬ ಬೈಯುವವಳೂ ನಾನೇ ಆದ್ದರಿಂದ ಯಾರಿಗೂ ಹೇಳುವುದಿಲ್ಲ.

ಆ ವರ್ಷ ಅವ್ವ ಹುಬ್ಬಳ್ಳಿಯಿಂದ ಬಂದಿದ್ದಳು. ನನ್ನ ಗಂಡನ ಕೆಲಸ ದೂರದ ಹರ್ಟ್ಸೋಗೆನಾವ್‌ರಾಕ್‌ನಲ್ಲಿ. ಶುಕ್ರವಾರ ಸಂಜೆ ಬಂದು ಭಾನುವಾರ ಹೋಗುತ್ತಾನೆ. ವಾರವೆಲ್ಲ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಇಳಕಲ್ ಸೀರೆ, ಅದರ ಮೇಲೆ ಅಳಿಯನ ಹಳೆಯ ಸ್ವೆಟರ್, ಕಾಲಿಗೆ ಉಣ್ಣೆಯ ಚೀಲ, ತಲೆಯ ಮೇಲಿಂದ ಮೊಣಕಾಲಿನವರೆಗೆ ಇಳಿಬಿಟ್ಟ ಕಂದು ಶಾಲು. ಈ ವೇಷದಲ್ಲಿ ಅವ್ವ ಮತ್ತೆ ಮತ್ತೆ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಮಂಜಿನಲ್ಲಿ ಅವಳ ಕಾಲು ಕಾಣುತ್ತಿರಲಿಲ್ಲ, ಶಾಲೊಂದೇ ತೇಲಿಕೊಂಡು ಹೋದಂತಿರುತ್ತಿತ್ತು.

"ಥಂಡಿ ಆಗೋದಿಲ್ಲನ ಅವ್ವಾ, ಒಳಗ ಬಾ" ಎಂದರೆ, "ಒಳಗ ಏನೈತಿ? ನಿನ್ನ ಲ್ಯಾಪ್‌ಟಾಪ್ ಐತಿ" ಎನ್ನುತ್ತಿದ್ದಳು.

ಪಕ್ಕದ ಮನೆಯ ಗಂಡ ಹೆಂಡತಿಯ ಜೊತೆ ಅವಳಿಗೆ ಸ್ನೇಹವಾದದ್ದು ಹಾಲಿನಿಂದ. ಇಡೀ ಬೀದಿಯಲ್ಲಿ ಚಹಾಕ್ಕೆ ಹಾಲು ಹಾಕಿಕೊಳ್ಳುವವರು ನಾವು ಮತ್ತು ಅವರು, ಅಷ್ಟೇ. ಗಂಡ ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನವರು. ಹೆಂಡತಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಹಳ್ಳಿಯವರು. ಇಬ್ಬರಿಗೂ ಎಪ್ಪತ್ತು ದಾಟಿದೆ, ಮಕ್ಕಳಿಲ್ಲ, ಜರ್ಮನಿಗೆ ಬಂದು ಒಂದು ಆಯುಷ್ಯವೇ ಆಗಿದೆ. ಅವ್ವ ಮೊದಲ ದಿನವೇ ಅವರಿಗೆ ಅಣ್ಣಾರು, ಅಕ್ಕಾರು ಎಂದು ಹೆಸರಿಟ್ಟಳು. ಅವರಿಗೂ ಅದು ಏನೋ ಹಿಡಿಸಿತು, ಕರೆದರೆ ತಿರುಗಿ ನೋಡುತ್ತಿದ್ದರು. ನನ್ನ ಬಾಯಿಗೂ ಅದೇ ಅಂಟಿಕೊಂಡಿದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಅವ್ವನಿಗೆ ಇಂಗ್ಲಿಷ್ ಬಾರದು. ಸಂಜೆ ಅವರ ಅಡುಗೆಮನೆಯಲ್ಲಿ ಕುಳಿತರೆ ನಡುವೆ ನಾನೇ ಅನುವಾದಕಿ. ಒಂದು ದಿನ ಅಕ್ಕಾರು ಕಪ್ಪಿಗೆ ಚಹಾ ಬಗ್ಗಿಸುತ್ತಾ ಅವ್ವನಿಗೆ, "ನಿಮ್ಮನ್ನೂ ಆಳಿದ್ದು ಇವರ ಅಜ್ಜ, ನಮ್ಮನ್ನೂ ಆಳಿದ್ದು ಇವರ ಅಜ್ಜ. ಈಗ ನೋಡು, ನಾವಿಬ್ಬರೂ ಸೇರಿ ಇವರ ಬಿಸ್ಕತ್ ಮುಗಿಸ್ತಿದ್ದೇವೆ" ಎಂದರು.

ಅಣ್ಣಾರು ಪೇಪರಿನಿಂದ ತಲೆ ಎತ್ತಲಿಲ್ಲ. "ನನ್ನ ಅಜ್ಜ ನೂಲಿನ ಗಿರಣಿಯಲ್ಲಿ ಕೂಲಿ. ಅವನು ಯಾರನ್ನೂ ಆಳಲಿಲ್ಲ. ಅವನನ್ನು ನನ್ನ ಅಜ್ಜಿ ಆಳ್ತಿದ್ದಳು."

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ನಗಲಿಲ್ಲ. "ಗಿರಣಿಗೆ ಹತ್ತಿ ಎಲ್ಲಿಂದ ಬರತಿತ್ತು ಕೇಳು" ಎಂದಳು. ದೂರದಿಂದ, ಹಡಗಿನಲ್ಲಿ, ಎಂದರು ಅಣ್ಣಾರು. "ಹಂಗಾದ್ರ ನಮ್ಮ ಕಡೀದೂ ಇದ್ದೀತು. ನಮ್ಮ ಮುತ್ಯಾನ ಮುತ್ಯಾ ಗಾಡಿಗಟ್ಟಲೆ ಹತ್ತಿ ಹೇರಿ ಕಳಸತಿದ್ನಂತ. ಎಲ್ಲಿ ಹೋಗತದ ಅಂತ ಅವಂಗೂ ಗೊತ್ತಿದ್ದಿಲ್ಲ" ಎಂದಳು ಅವ್ವ. ಅಕ್ಕಾರು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ಸರಿಸಿದರು. ಕಿಟಕಿಯ ಗಾಜಿನ ಮೇಲೆ ಉಗಿ ಕಟ್ಟಿತ್ತು.

ಅವರು ಈ ದೇಶಕ್ಕೆ ಯಾಕೆ ಬಂದರು ಎಂದು ಅಕ್ಕಾರು ನನಗೆ ಮೊದಲೇ ಹೇಳಿದ್ದರು. ಅವರು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಐರಿಷ್ ಬಂಡುಕೋರರ ಬಾಂಬುಗಳು ಅಲ್ಲಿ ಸಿಡಿಯುತ್ತಿದ್ದ ವರ್ಷಗಳು. ಬಸ್ಸಿನಲ್ಲಿ ಬಾಯಿ ತೆರೆದರೆ ಉಚ್ಚಾರಣೆ ಕೇಳಿ ಜನ ತಿರುಗಿ ನೋಡುತ್ತಿದ್ದರಂತೆ. ಟಿಕೆಟ್ ಕೇಳುವುದಕ್ಕೂ ದನಿ ತಗ್ಗಿಸಬೇಕಾಗಿತ್ತಂತೆ. ಆ ಕಡೆ ಅವರ ಹಳ್ಳಿಗೆ ಹೋದರೆ ಅಣ್ಣ ತಮ್ಮಂದಿರು ಈ ಇಂಗ್ಲಿಷ್ ಅಳಿಯನ ಕೈ ಕುಲುಕದೆ ಎದ್ದು ದನ ನೋಡಲು ಹೋಗುತ್ತಿದ್ದರಂತೆ. ಅಣ್ಣಾರಿಗೆ ಇಲ್ಲಿ ಕೆಲಸ ಸಿಕ್ಕಿತು, ಬಂದುಬಿಟ್ಟರು. "ಇಲ್ಲಿ ಇಬ್ಬರೂ ಸಮಾನ ಪರದೇಶಿಗಳು. ಸಂಸಾರಕ್ಕೆ ಅದು ಒಳ್ಳೆಯದು" ಎಂದು ಅಕ್ಕಾರು ನಕ್ಕಿದ್ದರು.

ಆದರೂ ಆ ಮನೆಯೊಳಗೊಂದು ಗಡಿ ಇತ್ತು. ನವೆಂಬರಿನಲ್ಲಿ ಅಣ್ಣಾರು ಕೋಟಿಗೆ ಕೆಂಪು ಕಾಗದದ ಹೂ ಸಿಕ್ಕಿಸಿಕೊಳ್ಳುತ್ತಿದ್ದರು, ಮೊದಲ ಮಹಾಯುದ್ಧಕ್ಕೆ ಹೋದ ತಮ್ಮ ಅಜ್ಜನ, ಅಲ್ಲಿ ಸತ್ತವರ ನೆನಪಿಗೆ. ಆ ವಾರ ಅಕ್ಕಾರು ಆ ಕೋಟು ತೂಗುವ ಗೂಟದ ಕಡೆ ನೋಡುತ್ತಿರಲಿಲ್ಲ. ಅಕ್ಕಾರ ಅಜ್ಜನೂ ಅದೇ ಇಂಗ್ಲಿಷ್ ಸೈನ್ಯದ ಅಂಗಿ ತೊಟ್ಟು ಅದೇ ಯುದ್ಧಕ್ಕೆ ಹೋಗಿದ್ದವನು. ಬದುಕಿ ಬಂದಾಗ ಇಂಗ್ಲಿಷರನ್ನು ಓಡಿಸುವ ಹೋರಾಟ ಎದ್ದು ಊರಲ್ಲಿ ಗಾಳಿಯೇ ಬದಲಾಗಿತ್ತು. ಆ ಅಂಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಮತ್ತೆ ಯಾರೂ ಅದರ ಮಾತೆತ್ತಲಿಲ್ಲ. ಗಂಡನಿಗೆ ಹೂ ಇದೆ, ನನ್ನ ಅಜ್ಜನಿಗೆ ಅಟ್ಟ ಇದೆ, ಎಂದಿದ್ದರು ಒಮ್ಮೆ. ಇಬ್ಬರ ಅಜ್ಜಂದಿರೂ ಗುಂಡು ಹಾರಿಸಿದ್ದು ಯಾರ ಮೇಲೋ ಅವರ ಮೊಮ್ಮಗ, ಒಬ್ಬ ಜರ್ಮನ್, ಆಚೆ ಮನೆಯಲ್ಲಿದ್ದಾನೆ. ಕ್ರಿಸ್‌ಮಸ್‌ಗೆ ಕೇಕ್ ತಂದುಕೊಡುತ್ತಾನೆ, ಕಸದ ಡಬ್ಬಿ ತಪ್ಪು ದಿನ ಹೊರಗಿಟ್ಟರೆ ಬಾಗಿಲು ತಟ್ಟುತ್ತಾನೆ.

ಇನ್ನು ಆ ಬಟ್ಟೆಯ ವಿಷಯ. ಅವ್ವ ಬರುವ ಎರಡು ವರ್ಷ ಮೊದಲು ನನಗೆ ಕೆಟ್ಟ ತಲೆನೋವು ಬಂದಿತ್ತು. ಗಂಡ ಊರಲ್ಲಿರಲಿಲ್ಲ. ಅಕ್ಕಾರು ಬಂದು ಕಿಟಕಿಗಳ ಪರದೆ ಎಳೆದು, ಬೂದು ಬಣ್ಣದ ಒಂದು ಬಟ್ಟೆಯ ತುಂಡನ್ನು ನನ್ನ ಹಣೆಗೆ ಕಟ್ಟಿದರು. ಅದಕ್ಕೆ ಮಳೆಯ ವಾಸನೆ ಇತ್ತು. ಒಂದು ಮಳೆಯದಲ್ಲ, ಎಷ್ಟೋ ಮಳೆಗಳದು. ಅವರ ನಾಡಿನಲ್ಲಿ ಫೆಬ್ರವರಿ ಒಂದು ಒಬ್ಬ ಸಂತ ತಾಯಿಯ ದಿನವಂತೆ. ಹಿಂದಿನ ಸಂಜೆ ಆ ತಾಯಿ ತಲೆಗೆ ಶಾಲು ಹೊದ್ದು ಮನೆಮನೆಯ ಮುಂದೆ ನಡೆದು ಹೋಗುತ್ತಾಳೆ. ಒಂದು ತುಂಡು ಬಟ್ಟೆಯನ್ನು ಹೊರಗೆ ಗಿಡದ ಮೇಲೆ ಬಿಟ್ಟಿರಬೇಕು. ಹೋಗುತ್ತಾ ಹೋಗುತ್ತಾ ಅವಳು ಅದನ್ನು ಮುಟ್ಟುತ್ತಾಳೆ. ಬೆಳಿಗ್ಗೆ ಒಳಗೆ ತಂದಿಟ್ಟರೆ ವರ್ಷವಿಡೀ ಮನೆಯವರ ನೋವಿಗೆಲ್ಲ ಅದೇ ಔಷಧಿ. ಈ ಬಟ್ಟೆ ಅಕ್ಕಾರ ತಾಯಿಯದು. ಅವರ ಕಾಲದಿಂದ ವರ್ಷಕ್ಕೊಂದು ಸಂಜೆ ಹೊರಗೆ ಬಿದ್ದಿದೆ, ಒಮ್ಮೆಯೂ ನೀರಿಗೆ ಹಾಕಿಲ್ಲ. ಒಗೆದರೆ ಮುಟ್ಟಿದ್ದೆಲ್ಲ ಹೋಯಿತು, ಎಂದಿದ್ದರು.

"ಜರ್ಮನಿಗೂ ಬರ್ತಾಳಾ ಅವಳು?" ಎಂದು ನಾನು ಆ ತಲೆನೋವಿನಲ್ಲೂ ಕೇಳಿದ್ದೆ.

ಉತ್ತರ ಕೊಟ್ಟವರು ನನ್ನ ಔಷಧಿ ತಂದು ಬಾಗಿಲಲ್ಲಿ ನಿಂತಿದ್ದ ಅಣ್ಣಾರು. "ಬರಬಹುದು. ಬಂದವಳು ಮೊದಲು ಟೌನ್ ಹಾಲಿಗೆ ಹೋಗಿ ವಿಳಾಸ ಬರೆಸಬೇಕು. ಇಲ್ಲದಿದ್ದರೆ ಈ ದೇಶದಲ್ಲಿ ದೇವರಿಗೂ ಜಾಗ ಇಲ್ಲ." ಅಕ್ಕಾರು ಬರೀ ಕಣ್ಣಲ್ಲೇ ಗದರಿದರು. ಆ ಬಟ್ಟೆಗೆ ಅಣ್ಣಾರು ಚಿಂದಿ ಎನ್ನುತ್ತಿದ್ದರು. ಅಕ್ಕಾರು ತಮ್ಮ ಬ್ರೆಡ್ಡಿನ ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರು ಹಾಕಿ, ಒಳಗಿನ ಸಣ್ಣ ದೇವತೆಗಳು ಹೊರಗೆ ಹೋಗಲಿ ಎಂದರೆ, ಒಳಗಿನ ಹಿಟ್ಟು ಬೇಯಲಿ ಅಂತ, ಎನ್ನುತ್ತಿದ್ದರು ಅಣ್ಣಾರು. ಮದುವೆಯಾದಾಗಿನಿಂದ ನಡೆದು ಬಂದ ವಾದ ಅದು, ಯಾರೂ ಗೆಲ್ಲುತ್ತಿರಲಿಲ್ಲ. ತಲೆನೋವು ಬಟ್ಟೆಯಿಂದ ಹೋಯಿತೋ ಮಾತ್ರೆಯಿಂದ ಹೋಯಿತೋ ನನಗೆ ಗೊತ್ತಿಲ್ಲ. ನಿದ್ದೆ ಬಂತು, ನಿದ್ದೆಯಲ್ಲಿ ಸಮುದ್ರದ ಸದ್ದು ಕೇಳಿತು. ನಾನು ಇದನ್ನು ಅವ್ವನಿಗೆ ಹೇಳಿರಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ, ಅಷ್ಟೇ.

ಅವ್ವ ಬಂದ ಆ ಚಳಿಗಾಲದಲ್ಲಿ ಅಕ್ಕಾರಿಗೆ ಮೆಟ್ಟಿಲು ಹತ್ತಿದರೆ ಉಸಿರು ನಿಲ್ಲುವಂತಾಗತೊಡಗಿತು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದರು. ಜನವರಿಯ ಕೊನೆಯ ವಾರ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಫೆಬ್ರವರಿ ಒಂದರ ಮಧ್ಯಾಹ್ನ. ಈ ವಯಸ್ಸಿನಲ್ಲಿ ಎದೆ ತೆರೆಯುವುದು ಸಣ್ಣ ಮಾತಲ್ಲ ಎಂದು ಡಾಕ್ಟರೇ ಬಾಯಿಬಿಟ್ಟು ಹೇಳಿದ್ದರು. ಹೊರಡುವ ದಿನ ಅಕ್ಕಾರು ಬೇಲಿಯ ಮೇಲಿಂದ ಅವ್ವನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ನನ್ನನ್ನು ಯಾರೂ ಕರೆಯಲಿಲ್ಲ.

ಮೂವತ್ತೊಂದರ ಸಂಜೆ ನಾನು ಆಫೀಸಿನಿಂದ ಬರುವಾಗ ಕತ್ತಲಾಗಿತ್ತು. ಅವ್ವ ರೊಟ್ಟಿ ಬಡಿದಿಟ್ಟಿದ್ದಳು. ತಿಂದು, ಮಲಗಿದೆ. ಕೆಳಗಿನ ಕೆಲ್ಲರಿನಲ್ಲಿ, ಬಾಯ್ಲರ್ ಪಕ್ಕ ಬಟ್ಟೆ ಒಣಹಾಕುವ ನೆಲಮನೆಯಲ್ಲಿ, ಏನು ತೂಗುತ್ತಿದೆ ಎಂದು ಇಳಿದು ನೋಡಲಿಲ್ಲ.

ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಗೆ ಬಂದರೆ ಮಂಜಿನಲ್ಲಿ ಯಾರೋ ಬಾಗಿ ಬಾಗಿ ಏಳುತ್ತಿದ್ದರು. ಕನಸಿನ ಮುಂದುವರಿಕೆ ಎಂದುಕೊಂಡು ಸ್ವಲ್ಪ ಹೊತ್ತು ನೋಡುತ್ತಲೇ ನಿಂತೆ. ಆಮೇಲೆ ಗೊತ್ತಾಯಿತು, ಅಣ್ಣಾರು. ಪೈಜಾಮದ ಮೇಲೆ ಕೋಟು, ಮನೆಯೊಳಗಿನ ಚಪ್ಪಲಿ, ಮಂಡಿಯವರೆಗೆ ಒದ್ದೆ. ಬೇಲಿಯ ಬುಡ, ಗೊಬ್ಬರದ ಡಬ್ಬಿಯ ಹಿಂದೆ, ಆಚೆ ಮನೆಯವನ ಹುಲ್ಲು, ಎಲ್ಲ ಕಡೆ ಕೈಯಾಡಿಸಿ ನೋಡುತ್ತಿದ್ದರು. ನಾನು ಹೊರಗೆ ಹೋದೆ. ಏನು ಹುಡುಕುತ್ತೀರಿ ಎಂದರೆ, "ಏನಿಲ್ಲ, ಏನಿಲ್ಲ ಲವ್" ಎಂದರು. ಅವರು ಎಲ್ಲರಿಗೂ ಲವ್ ಎನ್ನುವವರು, ಅವರ ಊರಿನ ರೂಢಿ. ಆಮೇಲೆ ಕೈ ಒರೆಸಿಕೊಂಡು, ನನ್ನ ಮುಖ ನೋಡದೆ, "ಅವಳ ಚಿಂದಿ. ನಿನ್ನೆ ನಾಲ್ಕು ಗಂಟೆಗೆ ಇಲ್ಲೇ ಬೇಲಿಯ ಮೇಲೆ ಹಾಕಿದ್ದೆ. ಗಾಳಿಯೂ ಇರಲಿಲ್ಲ" ಎಂದರು.

ನನ್ನ ಕೈಯಲ್ಲಿನ ಕಪ್ಪು ಹಾಗೇ ನಿಂತಿತು. "ನೀವಾ? ನೀವು ಹಾಕಿದ್ರಾ?"

"ಅವಳು ಕೇಳಲಿಲ್ಲ. ನಾನೇ ಹಾಕಿದೆ" ಎಂದರು. "ಹತ್ತು ಗಂಟೆಗೆ ನಾನು ಅಲ್ಲಿರಬೇಕು. ಮಧ್ಯಾಹ್ನ ಒಳಗೆ ಕರ್ಕೊಂಡು ಹೋಗ್ತಾರೆ." ಹೇಳುತ್ತಲೇ ಮತ್ತೆ ಬೇಲಿಯ ಬುಡಕ್ಕೆ ಬಾಗಿದರು.

ನಾನೂ ಹುಡುಕತೊಡಗಿದೆ. ಇಬ್ಬರೂ ಮಂಡಿಯೂರಿ ಒದ್ದೆ ಎಲೆಗಳನ್ನು ಎತ್ತೆತ್ತಿ ನೋಡುತ್ತಿರುವಾಗ ಹಿಂದಿನಿಂದ ಅವ್ವನ ದನಿ ಬಂತು. "ಏನ್ ಕಳದೈತಿ ಅಣ್ಣಾರದು?"

"ಒಂದು ಅರಿವಿ ಅವ್ವಾ. ಬೂದು ಬಣ್ಣದ್ದು, ಇಷ್ಟ ಉದ್ದಂದು."

"ಅದಾ?" ಅವ್ವನ ಮುಖ ಅರಳಿತು. "ಅದನ್ನ ನಿನ್ನೆ ಸಂಜಿಮುಂದ ನಾನ ಒಳಗ ತಂದೇನಿ. ಎಷ್ಟ ಹೊಲಸಾಗಿತ್ತ ಅಂತಿ. ಬಿಸಿನೀರಾಗ ಹಾಕಿ, ಸಾಬಾಣ ಹಚ್ಚಿ, ತಿಕ್ಕಿ ತಿಕ್ಕಿ ಒಗದೇನಿ. ಬೂದು ಅಲ್ಲವಾ ಅದು, ಬೆಳ್ಳಗ ಹಾಲಿನಂಗೈತಿ. ಅದಕ್ಕ ಒಂದು ನೀಲಿ ಅಂಚೂ ಐತಿ ನೋಡು." ಇಷ್ಟು ಹೇಳಿ ಅವಳು ಒಳಗೆ ಹೋದಳು, ನೆಲಮನೆಯಿಂದ ಅದನ್ನು ತಂದಳು. ನಾಲ್ಕು ಮಡಿಕೆ ಹಾಕಿ, ಅಂಗೈಯಿಂದ ಸಾಪು ಮಾಡಿ, ಎರಡೂ ಕೈಯಲ್ಲಿ ಅಣ್ಣಾರ ಮುಂದೆ ಹಿಡಿದಳು.

ಅಣ್ಣಾರು ತೆಗೆದುಕೊಂಡರು. ಮೂಗಿಗೆ ಹಿಡಿದು ನೋಡಿದರು. ತಮ್ಮ ಹಿತ್ತಲಿನ ಒದ್ದೆ ಬೆಂಚಿನ ಮೇಲೆ ಕುಳಿತರು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ನಿನಗ್ಯಾಕ ಬೇಕಿತ್ತು ಮಂದಿ ಅರಿವಿ? ಯಾರು ಹೇಳಿದ್ರು ನಿನಗ ಒಗಿ ಅಂತ?" ಎಂದು ಅವ್ವನ ಮೇಲೆ ಹಾರಿಬಿದ್ದೆ. ಆ ಬಟ್ಟೆ ಏನು, ಯಾಕೆ ಹೊರಗಿತ್ತು, ಇವತ್ತು ಏನಿದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ವರ್ಷಕ್ಕೆ ಅದೊಂದೇ ಸಂಜೆ, ಅದು ಆಗಿಹೋಯಿತು ಎಂದೂ ಹೇಳಿದೆ.

ಅವ್ವ ಶಾಲಿನ ತುದಿಯನ್ನು ಬಾಯಿಗೆ ಹಿಡಿದಳು. ಮಾತಾಡುವಾಗ ದನಿ ಸಣ್ಣದಾಗಿತ್ತು. "ಹಾಸಿಗಿ ಹಿಡದವರ ಮನಿ ಅರಿವಿ. ಹೊತ್ತು ಮುಳಗಿದ ಮ್ಯಾಲೆ ಹೊರಗ ಬಿಡಬಾರದವಾ. ಏನರ ಸೋಕತೈತಿ. ನಿನಗ ಜ್ವರ ಬಂದಾಗೆಲ್ಲ ನಾ ಹಗ್ಗದ ಮ್ಯಾಗಿನ ನಿನ್ನ ಅಂಗಿ ಮದಲ ಒಳಗ ತರತಿದ್ದೆ. ಅಣ್ಣಾರು ಗಂಡಮನಶ್ಯಾ, ಮರತಾರ ಅನಕೊಂಡೆ."

ಅವಳು ಹೇಳಿದ್ದನ್ನು ನಾನು ಅಣ್ಣಾರಿಗೆ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಮಾತು ಹುಡುಕುತ್ತಾ ಹೇಳಿದೆ. ಒಬ್ಬರು ಕಾಯಿಲೆಯವರಿಗಾಗಿ ಬಟ್ಟೆ ಹೊರಗೆ ಹಾಕಿದ್ದಾರೆ, ಇನ್ನೊಬ್ಬಳು ಅದೇ ಕಾಯಿಲೆಯವರಿಗಾಗಿ ಅದನ್ನು ಒಳಗೆ ತಂದಿದ್ದಾಳೆ. ಯಾರನ್ನು ಬೈಯಲಿ ನಾನು? ಅಣ್ಣಾರು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು. "ಆಸ್ಪತ್ರೆಯಲ್ಲಿ ಅವಳಿಗೆ ಹೇಳೋದು ಬೇಡ. ನಾನು ಮರೆತೆ ಅಂದುಕೊಳ್ಳಲಿ. ನಾನು ಹಾಕೋದಿಲ್ಲ ಅಂತ ಅವಳಿಗೆ ಹೇಗೂ ಗೊತ್ತು" ಎಂದರು.

ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅವ್ವ ಸೆಟೆದು ನಿಂತಳು. "ಅದೆಂಗ? ಅಣ್ಣಾರು ಹಾಕ್ಯಾರ, ನಾ ತಗದೇನಿ. ಹಾಕಿದ್ದು ಆಕಿಗೆ ಗೊತ್ತಾಗಬೇಕಲ್ಲ. ನಡಿ, ದವಾಖಾನಿಗೆ ನಾನೂ ಬರತೇನಿ. ನಾನ ಹೇಳತೇನಿ."

ನಾನು ಆಫೀಸಿಗೆ ಇವತ್ತು ಮನೆಯಿಂದಲೇ ಕೆಲಸ ಎಂದು ಸುಳ್ಳು ಬರೆದು ಹೊರಟೆ. ಅಣ್ಣಾರು ಕಾರಿನ ಮುಂದಿನ ಬಾಗಿಲು ತೆರೆದು ಅವ್ವನನ್ನು ಕೂರಿಸಿದರು. ನಾನು ಹಿಂದೆ. ಹೆದ್ದಾರಿಯ ಮೇಲೆ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಎರಡು ಕೆಂಪು ದೀಪ ಬಿಟ್ಟರೆ ಲೋಕವೇ ಇರಲಿಲ್ಲ. ಅವ್ವ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬೆರಳಿನ ನಡುವೆ ಅದರ ಅಂಚನ್ನು ಉಜ್ಜುತ್ತಿದ್ದಳು. "ಇದು ಹತ್ತಿ ಅಲ್ಲ, ಎಂಥದೋ ನಾರಿಂದು" ಎಂದಳು ಒಮ್ಮೆ, ತನ್ನಷ್ಟಕ್ಕೇ. ನನಗೆ ಮಾತ್ರ ನಾವು ಎಲ್ಲಿಗೂ ಹೋಗುತ್ತಿಲ್ಲ, ರಸ್ತೆಯೇ ನಮ್ಮ ಕೆಳಗೆ ಹಿಂದಕ್ಕೆ ಹರಿಯುತ್ತಿದೆ, ಹೀಗೇ ಇದ್ದರೆ ಆ ಮಧ್ಯಾಹ್ನ ಬರುವುದೇ ಇಲ್ಲ ಅನ್ನಿಸಿತು. ಬರದಿರಲಿ ಎಂದೇ ಮನಸ್ಸು ಬೇಡುತ್ತಿತ್ತು.

ಆಸ್ಪತ್ರೆಯ ಕೋಣೆಯಲ್ಲಿ ಅಕ್ಕಾರು ಹಸಿರು ಗೌನು ತೊಟ್ಟು ದಿಂಬಿಗೆ ಒರಗಿದ್ದರು. ಕೂದಲು ಬಿಚ್ಚಿತ್ತು, ನಾನು ಅವರನ್ನು ಹಾಗೆ ನೋಡಿದ್ದೇ ಇರಲಿಲ್ಲ. ಅವ್ವ ನೇರ ಹಾಸಿಗೆಯ ಹತ್ತಿರ ಹೋಗಿ ಬಟ್ಟೆಯನ್ನು ಅವರ ಮಡಿಲಲ್ಲಿಟ್ಟಳು.

"ಅಕ್ಕಾರ, ಅಣ್ಣಾರು ಇದನ್ನ ಸಂಜಿಮುಂದ ಬೇಲಿ ಮ್ಯಾಲೆ ಹಾಕಿದ್ರು. ನಂಗ ಗೊತ್ತಿದ್ದಿಲ್ಲರಿ. ಅರಿವಿ ಹೊರಗ ಉಳದೈತಿ ಅಂತ ತಗೊಂಡ್ಹೋಗಿ ಒಗದಬಿಟ್ಟೆ. ತಪ್ಪು ನಂದು. ಅವರಿಗೆ ಏನೂ ಅನಬ್ಯಾಡ್ರಿ." ಅವಳು ಒಂದೊಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನನ್ನ ದನಿ ನನಗೇ ಬೇರೆ ಯಾರದೋ ಥರ ಕೇಳುತ್ತಿತ್ತು.

ಅಕ್ಕಾರು ಬಟ್ಟೆಯನ್ನು ಬಿಡಿಸಿದರು. ಬಿಳುಪನ್ನು ನೋಡಿದರು, ನೀಲಿ ಅಂಚನ್ನು ನೋಡಿದರು. "ಇದಕ್ಕೆ ಅಂಚಿತ್ತಾ? ಅಮ್ಮ ಹೇಳ್ತಿದ್ದಳು, ನಾನು ನಂಬಿರಲಿಲ್ಲ" ಎಂದರು. ಮುಖಕ್ಕೆ ಒತ್ತಿಕೊಂಡು ಉಸಿರೆಳೆದರು. ಸಾಬೂನಿನ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ನಾನು ನೆಲ ನೋಡುತ್ತಾ ನಿಂತೆ.

ಅವರು ಬಟ್ಟೆಯನ್ನು ಇಳಿಸಿದಾಗ ನಗುತ್ತಿದ್ದರು. ಉಸಿರು ಸಾಲದೆ ನಗು ತುಂಡು ತುಂಡಾಗಿ ಬರುತ್ತಿತ್ತು. "ಕೇಳು ಅವಳನ್ನ. ಹೊತ್ತು ಮುಳುಗೋ ಹೊತ್ತಿಗೆ ಬಂದಳಾ? ತಲೆ ಮೇಲೆ ಆ ಶಾಲು ಹೊದ್ಕೊಂಡಿದ್ದಳಾ?"

ನಾನು ಕೇಳಿದೆ. "ಹೊದ್ದಿದ್ದೆ. ಥಂಡಿ ಇತ್ತಲ್ಲ" ಎಂದಳು ಅವ್ವ, ಯಾಕೆ ಎಂದು ತಿಳಿಯದೆ.

"ಹಾಗಾದರೆ ಇನ್ನೇನು?" ಎಂದರು ಅಕ್ಕಾರು. "ಸಣ್ಣವಳಿದ್ದಾಗಿನಿಂದ ಕಾದಿದ್ದೇನೆ. ಶಾಲು ಹೊದ್ದ ಹೆಂಗಸು ಸಂಜೆ ಬರ್ತಾಳೆ, ಬಟ್ಟೆ ಮುಟ್ತಾಳೆ ಅಂತ. ಈ ವರ್ಷ ಬಂದಿದ್ದಾಳೆ. ಮುಟ್ಟಿದ್ದಷ್ಟೇ ಅಲ್ಲ, ಒಗೆದೂ ಕೊಟ್ಟಿದ್ದಾಳೆ."

ಇದನ್ನು ಅವ್ವನಿಗೆ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕೇಳಿ ಅವ್ವ ಕಿವಿ ಮುಟ್ಟಿಕೊಂಡಳು. "ಶಿವಶಿವಾ, ಹಂಗೆಲ್ಲ ಅನಬಾರದ್ರಿ" ಎಂದಳು. ಆದರೆ ಅಕ್ಕಾರು ಆಗಲೇ ಅವಳ ಕಡೆಯಿಂದ ಕಣ್ಣು ತೆಗೆದು ಗಂಡನ ಕಡೆ ತಿರುಗಿದ್ದರು. ಅಣ್ಣಾರು ಬಾಗಿಲ ಹತ್ತಿರವೇ ಇದ್ದರು, ಟೋಪಿ ಕೈಯಲ್ಲಿ ಹಿಡಿದು.

"ನೀನು ಹಾಕಿದೆಯಾ?"

"ಹಾಕಿದೆ."

"ಹಾಕುವಾಗ ಆ ತಾಯಿಗೆ ಹೇಳೋ ಮಾತು ನಿನಗೆ ಬರೋದಿಲ್ಲ. ನಾನು ಹೇಳಿಕೊಡ್ತೀನಿ ಅಂದರೆ ನೀನು ಕಲಿಯಲಿಲ್ಲ. ಏನು ಹೇಳಿದೆ?"

ಅಣ್ಣಾರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. ಹೇಳುವುದಿಲ್ಲ ಎಂದುಕೊಂಡೆ. ಆಮೇಲೆ, ಪೋಸ್ಟಿನವನಿಗೆ 'ಬಾಗಿಲ ಹತ್ತಿರ ಇಡಿ' ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದರು. "ನಾನು ಇಂಗ್ಲಿಷರವನು. ಅದನ್ನು ಮನಸ್ಸಿನಲ್ಲಿಟ್ಕೋಬೇಡ. ಅವಳಿಗೋಸ್ಕರ ಬಾ. ಅಂತ ಹೇಳಿದೆ."

ಅಕ್ಕಾರು ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಂಡರು. ಈ ಸಲ ವಾಸನೆ ನೋಡುವುದಕ್ಕಲ್ಲ. ನಾನು ಅವ್ವನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. "ಏನಂದ್ರು ಅಣ್ಣಾರು?" ಎಂದು ಅವ್ವ ಕಾರಿಡಾರಿನಲ್ಲಿ ಕೇಳಿದಳು. ಹೇಳಿದೆ. ಅವಳು ಗೋಡೆಗೆ ಒರಗಿ ನಿಂತಳು.

ಅಣ್ಣಾರು ಅಲ್ಲೇ ಉಳಿದರು. ಬಟ್ಟೆಯನ್ನು ಆಪರೇಷನ್ ಕೋಣೆಯೊಳಗೆ ಬಿಡುವುದಿಲ್ಲವಂತೆ, ಅದು ಅವರ ಜೇಬಿನಲ್ಲಿತ್ತು. ನಾವು ರೈಲು ಹಿಡಿದು ಮನೆಗೆ ಬಂದೆವು. ಮಧ್ಯಾಹ್ನ ಕಳೆಯಿತು. ನಾನು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಒಂದೇ ಸಾಲನ್ನು ಓದುತ್ತಾ ಕುಳಿತೆ. ಫೋನು ಬರಲಿಲ್ಲ. ಮೂರಾಯಿತು, ನಾಲ್ಕಾಯಿತು. ಹೊರಗಿನ ಬಿಳುಪು ನಿಧಾನವಾಗಿ ನೀಲಿಗೆ ತಿರುಗತೊಡಗಿತು. ಬೆಳಿಗ್ಗೆ ಅವ್ವನನ್ನು ಬೈದದ್ದು ನೆನಪಾಗಿ ಅಳು ಬಂತು, ಅವಳಿಗೆ ಕಾಣದಂತೆ ಒರೆಸಿಕೊಂಡೆ.

ಅವ್ವ ಎದ್ದು ಹಿತ್ತಲಿಗೆ ಹೋದಳು. ದಿನವೂ ಆ ಹೊತ್ತಿಗೆ ಹೋಗುತ್ತಾಳೆ. ಹಗ್ಗದ ಮೇಲೆ ಏನಾದರೂ ಉಳಿದಿದ್ದರೆ ಒಳಗೆ ತರುವುದಕ್ಕೆ. ಎರಡು ಟವೆಲ್ ಇದ್ದವು, ಅವನ್ನು ಕೈಮೇಲೆ ಹಾಕಿಕೊಂಡಳು. ಮನೆಯ ಕಡೆ ಹೆಜ್ಜೆ ಇಟ್ಟವಳು ನಿಂತಳು. ಬೇಲಿಯ ಕಡೆ ತಿರುಗಿದಳು. ಆಮೇಲೆ ತಲೆಯ ಮೇಲಿನ ಕಂದು ಶಾಲನ್ನು ತೆಗೆದು, ಕೊಡವಿ, ಬೇಲಿಯ ಮೇಲೆ ಹರವಿದಳು. ಮಂಜಿನಲ್ಲಿ ಅವಳ ನೆರೆತ ತಲೆ ಬರಿದಾಗಿ ಕಂಡಿತು. ಅವಳ ತುಟಿ ಅಲ್ಲಾಡುತ್ತಿತ್ತು. ಏನು ಹೇಳಿದಳು ಎಂದು ಕಿಟಕಿಯ ಈಚೆ ನನಗೆ ಕೇಳಿಸಲಿಲ್ಲ.

"ಅವ್ವಾ, ಆ ದಿನ ನಿನ್ನೇನ ಆತಲ್ಲ" ಎಂದೆ, ಅವಳು ಒಳಗೆ ಬಂದಾಗ.

"ಮುದುಕಿ ಅಕಿ. ನಡಕೋತ ಹೊಂಟಾಕಿ. ಒಂದ ದಿನದಾಗ ಎಷ್ಟ ದೂರ ಹೋಗಿದ್ದಾಳು?" ಎಂದು ಅವ್ವ ಟವೆಲ್ ಮಡಿಸತೊಡಗಿದಳು.

ಪೂರ್ತಿ ಕತ್ತಲಾಗಿ ಬಹಳ ಹೊತ್ತಿನ ಮೇಲೆ ಫೋನು ಬಂತು. ಅಣ್ಣಾರು. ಹಿಂದೆ ಗಾಲಿಗಳ ಸದ್ದು, ಯಾರದೋ ಜರ್ಮನ್ ಮಾತು. "ಎಚ್ಚರ ಆಯ್ತು ಲವ್. ಮೊದಲು ಚಹಾ ಕೇಳಿದಳು. ಇನ್ನೂ ಏನೂ ಕೊಡೋ ಹಾಗಿಲ್ಲ ಅಂದರು, ಆ ನರ್ಸನ್ನ ಬೈದಳು" ಎಂದರು.

ಅವ್ವನಿಗೆ ಹೇಳಿದೆ. ಅವಳು ಕೈ ಮುಗಿದು, ಕಣ್ಣು ಮುಚ್ಚಿ, ತೆರೆದಳು. ಅಷ್ಟರಲ್ಲಿ ಹೊರಗೆ ಸಣ್ಣ ಮಳೆ ಶುರುವಾಗಿತ್ತು. ನಾನು ಶಾಲು ತರಲು ಬಾಗಿಲಿಗೆ ಹೋದೆ.

"ಬ್ಯಾಡ" ಎಂದಳು ಅವ್ವ. "ಬೆಳಗಾಗೂತನಾ ಹೊರಗ ಇರಲಿ."

"ತೊಯ್ದು ಹೋಗತದ ಅವ್ವಾ. ನಿನಗ ಥಂಡಿ."

"ತೊಯ್ಲಿ ಬಿಡು" ಎಂದು ಅವಳು ನನ್ನ ಹಾಸಿಗೆಯ ರಗ್ಗನ್ನು ಎಳೆದು ಹೊದ್ದುಕೊಂಡು, ಬೇಲಿ ಕಾಣುವ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕುಳಿತಳು.